ಹ್ಞೂ ಎಂದವನ ದೋಣಿ

ಹೋದ ವಾರ ಒಂದು ಮದುವೆಯಲ್ಲಿ ದೂರದ ಬೀಗರೊಬ್ಬರು ನನ್ನ ಕೈ ಕುಲುಕಿದವರು ಬಿಡಲೇ ಇಲ್ಲ. ಅಂಗೈಯನ್ನು ಮೇಲೆ ತಿರುಗಿಸಿ ನೋಡಿದರು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಜಡ್ಡುಗಟ್ಟಿತ್ತು.

“ಏನ್ರೀ, ಪ್ರೆಸ್ ಬಿಟ್ಟು ಗುದ್ದಲಿ ಹಿಡದೀರೇನು?”

“ಗುದ್ದಲಿ ಅಲ್ರಿ, ಹುಟ್ಟು. ದೋಣಿ ನಡಸೋ ಹುಟ್ಟು.”

ಅವರು ನನ್ನ ಮುಖವನ್ನೊಮ್ಮೆ ನೋಡಿ ಜೋರಾಗಿ ನಕ್ಕರು. ನಗುವಂಥದ್ದೇ. ನಳದಲ್ಲಿ ನೀರು ಬಂತೆಂದು ಯಾರಾದರೂ ಕೂಗಿದರೆ ಊಟ ಬಿಟ್ಟು ಎದ್ದು ಕೊಡ, ಬಕೀಟು, ಕಡೆಗೆ ಚಹಾದ ಪಾತ್ರೆಯನ್ನೂ ಹಿಡಿದು ಓಡುವ ಊರು ನಮ್ಮ ಗದಗ-ಬೆಟಗೇರಿ. ಇಲ್ಲಿಯವನೊಬ್ಬ ದೋಣಿ ನಡೆಸಿ ಕೈಗೆ ಜಡ್ಡು ಬರಿಸಿಕೊಂಡಿದ್ದಾನೆಂದರೆ ಯಾರು ನಂಬುತ್ತಾರೆ? ಬೆಟಗೇರಿಯ ನೇಕಾರನಾಗಿದ್ದ ನಮ್ಮಪ್ಪ ಒಬ್ಬರ ಅಂಗೈ ಮುಟ್ಟಿ ಅವರ ಕಸುಬು ಹೇಳುತ್ತಿದ್ದ. ನನ್ನ ಕೈ ಮುಟ್ಟಿದಾಗೆಲ್ಲ, “ಇದು ಯಾತಕ್ಕೂ ಬಾರದ ಕೈ” ಎಂದು ತೀರ್ಪು ಕೊಡುತ್ತಿದ್ದ. ಮಗ್ಗ ನನ್ನವರೆಗೆ ಬರಲಿಲ್ಲ. ಊರವರ ಲಗ್ನಪತ್ರಿಕೆಗಳನ್ನು ಅಚ್ಚು ಹಾಕುತ್ತಲೇ ನಾನು ಐವತ್ತಾರು ಮುಟ್ಟಿದೆ.

ಬೀಗರ ನಗು ಮುಗಿದ ಮೇಲೆ ಅವರು ಇನ್ನೊಂದು ಮಾತು ಕೇಳಿದರು: “ಹಂಗಾದ್ರ ಈಸಾಕ ಛಲೋ ಬರತೈತಿ ಅನ್ರಿ ನಿಮಗ.”

ಈಸುವುದೆಂದರೆ ನಮ್ಮ ಕಡೆ ಈಜುವುದು. ಪ್ರಶ್ನೆ ಸಣ್ಣದು, ಆದರೂ ಅದಕ್ಕೆ ಉತ್ತರ ಕೊಡುವಾಗ ಈಗಲೂ ನನ್ನ ನಾಲಿಗೆ ಒಂದು ಗಳಿಗೆ ತಡೆಯುತ್ತದೆ. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ.

ಹತ್ತು ವರ್ಷದವನಿದ್ದಾಗ ರಜೆಗೆ ಅವ್ವನ ಜೊತೆ ಯಳವತ್ತಿಯ ಸೋದರಮಾವನ ಮನೆಗೆ ಹೋಗಿದ್ದೆ. ಅವರ ಹೊಲದಲ್ಲಿ ಮೆಟ್ಟಿಲಿದ್ದ ದೊಡ್ಡ ಬಾವಿಯಿತ್ತು. ಮಾವ ನಮಗೆಲ್ಲ ಬೆನ್ನಿಗೆ ಬೆಂಡು ಕಟ್ಟಿ, ಒಬ್ಬೊಬ್ಬರನ್ನೇ ಮೇಲಿನ ಕಟ್ಟೆಯಿಂದ ನೂಕುತ್ತಿದ್ದ. ಧಡಾರ್ ಎಂದು ಬಿದ್ದವರು ಕಿರುಚುತ್ತಾ ಮೇಲೆ ಬಂದು, ಕೈಕಾಲು ಬಡಿದು, ಮೂರು ದಿನದಲ್ಲಿ ಮೀನಾಗುತ್ತಿದ್ದರು. ನನ್ನ ಸರದಿ ಬರುವ ಹೊತ್ತಿಗೆ ಯಾರೋ ಮಾವನನ್ನು ಎತ್ತಿನ ಕಡೆ ಕರೆದರು. ನಾನು ಸದ್ದಿಲ್ಲದೆ ಮೆಟ್ಟಿಲಿಳಿದು, ಕೊನೆಯ ಮೆಟ್ಟಿಲ ಮೇಲೆ ಕೂತು, ಬೊಗಸೆಯಲ್ಲಿ ನೀರು ತೆಗೆದು ತಲೆಗೆ, ಮೈಗೆ ಸುರಿದುಕೊಂಡೆ. ತೊಯ್ದ ತಲೆಯಿಂದ ಮನೆಗೆ ಓಡಿ, “ಅವ್ವಾ, ನನಗ ಈಸಾಕ ಬಂತು!” ಎಂದೆ. ಅವ್ವ ಖುಷಿಯಿಂದ ಬೆಲ್ಲ-ಶೇಂಗಾ ಕೊಟ್ಟಳು. ಮಾವ ತಾನೇ ಕಲಿಸಿದೆನೆಂದು ಹೇಳಿಕೊಂಡ. ಅಂದಿನಿಂದ ನಮ್ಮ ಬಳಗದಲ್ಲಿ ನಾನು ಈಜು ಬಲ್ಲವನು. ಗದಗಿನಂಥ ಊರಲ್ಲಿ ಆ ಮಾತನ್ನು ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ. ಸುಳ್ಳು ನನ್ನ ಜೊತೆಯೇ ಬೆಳೆಯಿತು, ಮದುವೆಯಾಯಿತು, ಅದರ ಕೂದಲೂ ಬೆಳ್ಳಗಾದವು.

ನಮ್ಮದೊಂದು ಮುಂಜಾನೆಯ ವಾಕಿಂಗ್ ಬಳಗ. ಮುಖ್ಯಸ್ಥರು ಕಳಕಪ್ಪ ಸರ್. ದೈಹಿಕ ಶಿಕ್ಷಣದ ಮಾಸ್ತರರಾಗಿ ನಿವೃತ್ತರಾದವರು. ಕೊರಳಲ್ಲಿ ಸೀಟಿ ಇಲ್ಲದೆ ಅವರನ್ನು ಯಾರೂ ನೋಡಿಲ್ಲ. ನಡೆದು ನಡೆದು ಬೇಸರವಾದ ಒಂದು ದಿನ ಅವರು, ಕಾರವಾರದ ಕಡೆಯಿಂದ ನಾಲ್ಕು ಹಳೆಯ ಉದ್ದ ದೋಣಿ ತರಿಸುತ್ತೇನೆ, ತಿಂಗಳಿಗೊಮ್ಮೆ ಮುಂಡರಗಿಯ ಆಚೆ ತುಂಗಭದ್ರೆಯ ಹಿನ್ನೀರಿನಲ್ಲಿ ಎಲ್ಲರೂ ಹುಟ್ಟು ಹಾಕೋಣ ಎಂದರು. ಅದಕ್ಕೆ ‘ಕೆನೋ’ ಅನ್ನುತ್ತಾರಂತೆ. ಅರ್ಜಿ ಅಚ್ಚು ಹಾಕುವ ಕೆಲಸ ನನಗೇ ಬಂತು. ನನ್ನ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವನು “ಕೆನೋ ಏನ್ರಿ, ಏನೋ ಏನ್ರಿ?” ಎಂದು ಎರಡು ಸಲ ಕೇಳಿ, ಕಡೆಗೆ ‘ದೋಣಿವಿಹಾರ’ ಎಂದು ಹಾಕಿದ. ಹೆಸರು, ವಯಸ್ಸು, ರಕ್ತದ ಗುಂಪು ಆದಮೇಲೆ ಒಂದು ಸಾಲು: ‘ಈಜು ಬರುತ್ತದೆಯೇ? ಹೌದು / ಇಲ್ಲ.’

ಕಳಕಪ್ಪ ಸರ್ ಎಲ್ಲರ ಎದುರು ಹೇಳಿದರು: “ಒಂದ ದೋಣಿಗೆ ಇಬ್ಬರು. ಇಬ್ಬರಾಗ ಒಬ್ಬರಿಗೆ ಈಸಾಕ ಬರಲೇಬೇಕು. ಇದರಾಗ ರಾಜಿ ಇಲ್ಲ.”

ನಾನೇ ಅಚ್ಚು ಹಾಕಿದ ಕಾಗದದ ಮೇಲೆ, ನನ್ನದೇ ಪೆನ್ನಿನಿಂದ, ‘ಹೌದು’ ಎನ್ನುವುದರ ಸುತ್ತ ಗುಂಡಗೆ ಒಂದು ಸೊನ್ನೆ ಸುತ್ತಿದೆ. ನಲವತ್ತಾರು ವರ್ಷದಿಂದ ಹೇಳುತ್ತ ಬಂದದ್ದನ್ನು ಬರೆದೆ, ಅಷ್ಟೇ.

ನನ್ನ ದೋಣಿಗೆ ಜೋಡಿಯಾಗಿ ಬಂದವರು ಶಾಂತಕ್ಕ. ಮೂಲತಃ ಶಿರಹಟ್ಟಿಯವರು, ಬೆಟಗೇರಿಯಲ್ಲಿ ಸಣ್ಣದೊಂದು ಖಾನಾವಳಿ ನಡೆಸುತ್ತಾರೆ. ನನ್ನ ಮಧ್ಯಾಹ್ನದ ಊಟ ವರ್ಷಗಳಿಂದ ಅಲ್ಲಿಯೇ. ವಯಸ್ಸಿನಲ್ಲಿ ನನಗಿಂತ ಸಣ್ಣವರಾದರೂ ಎಲ್ಲರಿಗೂ ಅವರು ಅಕ್ಕ. ಹುಟ್ಟಿದಾಗಿನಿಂದ ಒಣಭೂಮಿ ಕಂಡವರು. “ಒಮ್ಮೆ ನೀರ ಮ್ಯಾಲ ಕುಂತು ನೋಡಬೇಕ್ರಿ ನಾ” ಎನ್ನುತ್ತಿದ್ದರು. ಅರ್ಜಿಯಲ್ಲಿ ‘ಇಲ್ಲ’ ಎಂದು ನೇರವಾಗಿ ಬರೆದಿದ್ದರು.

ಕಾರ್ತಿಕ ಕಳೆದು ಚಳಿ ಹತ್ತಿದ್ದ ಒಂದು ರವಿವಾರ. ಎಂಟು ಜನ ಟೆಂಪೋದಲ್ಲಿ ಹೊರಟೆವು. ಶಾಂತಕ್ಕ ನನ್ನ ಪಕ್ಕದಲ್ಲಿ ಬುತ್ತಿಯ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದರು:

“ಅಣ್ಣಾರ, ನಿಮಗ ಈಸಾಕ ಬರತೈತಿ ಹೌದಲ್ರಿ?”

“ಹ್ಞೂ” ಎಂದೆ.

ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಕಳಕಪ್ಪ ಸರ್ ಕಿಟಕಿಯಿಂದ ಅವನ್ನು ನೋಡಿ, “ಮೂಡಗಾಳಿ ಎದ್ದೈತಿ. ಹತ್ತು ಗಂಟೇದೊಳಗ ದಂಡಿಗೆ ಬಂದಬಿಡೋಣು” ಎಂದರು.

ದೋಣಿಗಳನ್ನು ನದಿಯ ದಂಡೆಯಲ್ಲಿ ಹನುಮಪ್ಪ ಎಂಬ ಅಂಬಿಗನ ಗುಡಿಸಲಿನ ಪಕ್ಕ ಇಟ್ಟಿದ್ದೆವು. ಹನುಮಪ್ಪ ಬುಟ್ಟಿಯಂತೆ ದುಂಡಗಿರುವ ಹರಗೋಲಿನಲ್ಲಿ ಕೂತು ಮೀನು ಹಿಡಿಯುವವನು. ನಮ್ಮ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳನ್ನು ನೋಡಿ, “ಆ ಕಡೆ ಮುಳುಗಿದ ಜಾಲಿಗಿಡ ಅದಾವ್ರಿ. ಗಾಳಿ ಆಕಡೇನ ದಬ್ಬತೈತಿ. ಹೋಗಬ್ಯಾಡ್ರಿ” ಎಂದ. ನೀರಿಗೆ ಇಳಿಯುವಾಗ ಶಾಂತಕ್ಕ ನನ್ನ ತೋಳು ಹಿಡಿದು ದೋಣಿ ಹತ್ತಿದರು. ಹತ್ತುವಾಗ ಇನ್ನೊಮ್ಮೆ ಕೇಳಿದರು.

“ಖರೆ ಹೇಳ್ರಿ, ಬರತೈತಿಲ್ಲೋ?”

“ಹ್ಞೂ ಅಂತೀನಲ್ರಿ. ಯಳವತ್ತಿ ಬಾವ್ಯಾಗ ಕಲ್ತೀನಿ.”

ಹೀಗೆ ಸುಳ್ಳಿಗೆ ಊರನ್ನೂ ಬಾವಿಯನ್ನೂ ಜೋಡಿಸಿದೆ.

ಮೊದಲಿನ ಅರ್ಧ ಗಂಟೆಯಷ್ಟು ಸುಖ ನನ್ನ ಜೀವನದಲ್ಲಿ ಕಡಿಮೆ. ಮುಂದೆ ಶಾಂತಕ್ಕ, ಹಿಂದೆ ದಿಕ್ಕು ಹಿಡಿಯಲು ನಾನು. ಹುಟ್ಟು ನೀರಿಗೆ ಇಳಿದಾಗ ಚುಳುಕ್ ಅನ್ನುವ ಸಣ್ಣ ಸದ್ದು, ಅದು ಬಿಟ್ಟರೆ ಬೇರೆ ಸದ್ದಿಲ್ಲ. “ಅಯ್ಯ, ಎಷ್ಟ ನೀರ್ರಿ ಅಣ್ಣಾರ! ಇಷ್ಟು ನೀರ ಒಮ್ಮಿಗೇ ನೋಡಿದ್ದಿಲ್ಲ ನಾ” ಎಂದು ಅವರು ಬಗ್ಗಿ ಬಗ್ಗಿ ನೀರನ್ನು ಮುಟ್ಟುತ್ತಿದ್ದರು. ಒಂದು ತಿರುವಿನಲ್ಲಿ ಕಳಕಪ್ಪ ಸರ್ ಅವರ ದೋಣಿ ಮರೆಯಾಯಿತು. ಶಾಂತಕ್ಕ ಜಾಕೆಟ್ಟಿನ ಕೊಂಡಿ ಬಿಚ್ಚತೊಡಗಿದರು.

“ಬಿಗೀತೈತ್ರಿ. ಉಸರಾಡಾಕ ಆಗವಲ್ದು.”

“ಸರ್ ಬೈತಾರ್ರಿ ಶಾಂತಕ್ಕ.”

“ಅವರು ಕಾಣಂಗಿಲ್ಲ. ನೀವು ಅದೀರಲ್ಲ, ಈಸಾವ್ರು? ಬಿದ್ದರ ಹಿಡೀತೀರಿಲ್ಲೋ?”

ಮೂರನೆಯ ಸಲ. ಹಾಕಿಕೊಳ್ಳಿ ಎಂದು ನಾನು ಗದರಬೇಕಿತ್ತು. ಆದರೆ ನಿಜ ಹೇಳುತ್ತೇನೆ, ಆಗ ನನಗೆ ಹೆಮ್ಮೆಯೆನಿಸಿತು. ಒಬ್ಬರು ನನ್ನನ್ನು ನಂಬಿ ಜಾಕೆಟ್ ಬಿಚ್ಚುತ್ತಿದ್ದಾರೆ! “ಹ್ಞೂ” ಎಂದೆ. ಅವರು ಜಾಕೆಟ್ಟನ್ನು ಬುತ್ತಿಯ ಡಬ್ಬಿಯ ಮೇಲೆ ಇಟ್ಟರು.

ಗಾಳಿ ಜೋರಾದದ್ದು ಯಾವಾಗೆಂದು ತಿಳಿಯಲಿಲ್ಲ. ಮೊದಲು ನೀರಿನ ಮೈ ಮೇಲೆ ಮುಳ್ಳೆದ್ದಂತೆ ಆಯಿತು. ಆಮೇಲೆ ದೋಣಿಯ ಮೂತಿ ತಾನಾಗಿಯೇ ತಿರುಗಿತು. ನಾನು ಬಲಕ್ಕೆ ಹುಟ್ಟು ಹಾಕಿದೆ, ಎಡಕ್ಕೆ ಹಾಕಿದೆ. ದೋಣಿ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. “ಎಡಕ್ಕ ಹಾಕ್ರಿ! ಎಡಕ್ಕ!” ಎಂದು ಕೂಗಿದೆ. ಶಾಂತಕ್ಕ ಗಾಬರಿಯಲ್ಲಿ ಬಲಕ್ಕೆ ಹಾಕಿದರು. ದೂರದಲ್ಲಿ ಸೀಟಿ ಕೇಳಿಸಿತು, ಗಾಳಿ ಅದನ್ನೂ ಹೊತ್ತೊಯ್ದಿತು. ಎದುರಿಗೆ ನೀರಿನಿಂದ ಮೇಲೆ ಬಂದಿದ್ದ ಒಣ ಟೊಂಗೆಗಳು ಕಂಡವು. ಹನುಮಪ್ಪ ಹೇಳಿದ ಜಾಲಿಗಿಡಗಳು.

ದೋಣಿ ಅಡ್ಡಡ್ಡವಾಗಿ ಹೋಗಿ ಒಂದು ಗಿಡಕ್ಕೆ ಅಪ್ಪಳಿಸಿತು. ಒಂದು ಬದಿ ಟೊಂಗೆಗೆ ಸಿಕ್ಕು ಮೇಲೆ ನಿಂತಿತು, ಇನ್ನೊಂದು ಬದಿಯ ಅಂಚಿನ ಮೇಲಿಂದ ನೀರು ಒಳಗೆ ನುಗ್ಗತೊಡಗಿತು. ಮುಳ್ಳು ನನ್ನ ತೋಳನ್ನು ಗೀರಿತು. ಶಾಂತಕ್ಕನ ಜಾಕೆಟ್ ಜಾರಿ ನೀರಿಗೆ ಬಿತ್ತು. ಇಬ್ಬರೂ ಕೈ ಚಾಚಿದೆವು. ಕಿತ್ತಳೆ ಬಣ್ಣದ ಅದು ಮೂರು ಮಾರು ದೂರ, ಆರು ಮಾರು ದೂರ ತೇಲಿಹೋಯಿತು.

ನಾವು ಅಲುಗಿದರೆ ದೋಣಿ ಇನ್ನಷ್ಟು ವಾಲುತ್ತಿತ್ತು. ಅಲುಗದಿದ್ದರೆ ನೀರು ಏರುತ್ತಿತ್ತು. ಪಾದ ಮುಳುಗಿತು. ಶಾಂತಕ್ಕ ದಂಡೆಯ ಕಡೆ ನೋಡಿದರು. ನಮ್ಮ ಊರಿನ ಒಂದು ಓಣಿಯಷ್ಟು ದೂರವಿರಬಹುದು. ಅವರ ದನಿ ಆಶ್ಚರ್ಯವಾಗುವಷ್ಟು ಸಮಾಧಾನದಿಂದಿತ್ತು.

“ಅಣ್ಣಾರ, ನಾ ನೀರಿಗೆ ಇಳೀತೀನಿ. ನೀವೂ ಇಳೀರಿ. ನನ್ನ ಜಡಿ ಹಿಡದು ಎಳಕೊಂಡು ಈಸ್ರಿ. ನಾ ಒದ್ದಾಡಂಗಿಲ್ಲ. ಸುಮ್ಮನ ಇರತೀನಿ.”

ಹೇಳುತ್ತಲೇ ಒಂದು ಕಾಲನ್ನು ಅಂಚಿನಾಚೆ ಹಾಕಿಯೇಬಿಟ್ಟರು.

“ಶಾಂತಕ್ಕ! ಇಳೀಬ್ಯಾಡ್ರಿ!”

“ಯಾಕ್ರಿ? ಇನ್ನೇನು ದೋಣಿ ಮುಳುಗತೈತಿ.”

“ಇಳೀಬ್ಯಾಡ್ರಿ. ನನಗ... ನನಗ ಈಸಾಕ ಬರಂಗಿಲ್ಲ.”

ಅವರು ತಿರುಗಿ ನೋಡಿದರು. ಕಾಲು ಮೊಣಕಾಲಿನವರೆಗೆ ನೀರಿನಲ್ಲೇ ಇತ್ತು.

“ಏನಂದ್ರಿ?”

“ಬರಂಗಿಲ್ರಿ. ಎಂದೂ ಬರತಿದ್ದಿಲ್ಲ. ಸುಳ್ಳ ಹೇಳಿದ್ದೆ.”

ಆ ನೋಟವನ್ನು ನಾನು ವರ್ಣಿಸಲಾರೆ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಪರಿಚಯವಿಲ್ಲದವನೊಬ್ಬ ತಮ್ಮ ಮನೆಯೊಳಗೆ ಕೂತಿರುವುದನ್ನು ಕಂಡವರು ನೋಡುವ ಹಾಗೆ ನೋಡಿದರು. ನಿಧಾನವಾಗಿ ಕಾಲನ್ನು ಒಳಗೆ ತೆಗೆದುಕೊಂಡರು. ಆಮೇಲೆ ಕೈ ಚಾಚಿದರು.

“ನಿಮ್ಮ ಜಾಕೆಟ್ ತಗದು ಕೊಡ್ರಿ ಇಲ್ಲೆ.”

ನಾನು ಕೊಡುತ್ತೇನೆಂದು ಹೇಳಿ, ಅವರು ಬೇಡವೆಂದು, ನಾನು ಒತ್ತಾಯಿಸಿ, ಅಂಥದ್ದೇನೂ ನಡೆಯಲಿಲ್ಲ. ಅದು ಅವರಿಗೆ ಸಲ್ಲಬೇಕಾದದ್ದು, ಅವರು ಕೇಳಿ ಪಡೆದರು. ನಾನು ಕೊಂಡಿಗಳನ್ನು ಬಿಚ್ಚಿ ಕೊಟ್ಟೆ. ಜಾಕೆಟ್ ಕೈ ದಾಟುವಾಗ ದೋಣಿ ಹೊಯ್ದಾಡಿತು, ಇನ್ನೊಂದು ಕೊಡದಷ್ಟು ನೀರು ಒಳಗೆ ಬಂತು. ಅವರು ಅದನ್ನು ಹಾಕಿಕೊಂಡು ಬಿಗಿಯಾಗಿ ಕಟ್ಟಿದರು. ಈಗ ಉಸಿರಾಡಲು ಆಗುವುದಿಲ್ಲವೆಂದು ಹೇಳಲಿಲ್ಲ. ಆ ಮೇಲೆ ಕೊರಳಿನ ವೇಲ್ ತೆಗೆದು ಒಂದು ತುದಿಯನ್ನು ಟೊಂಗೆಗೆ, ಇನ್ನೊಂದನ್ನು ದೋಣಿಯ ಅಡ್ಡಪಟ್ಟಿಗೆ ಗಂಟು ಹಾಕಿದರು.

“ಡಬ್ಬಿ ಮುಚ್ಚಳ ತಗೋರಿ. ನೀರು ಹೊರಗ ಹಾಕ್ರಿ. ನಿಲ್ಲಸಬ್ಯಾಡ್ರಿ.”

ನಾನು ಮುಚ್ಚಳದಿಂದ ನೀರು ಮೊಗೆದು ಚೆಲ್ಲತೊಡಗಿದೆ. ಅವರು ಜಾಕೆಟ್ಟಿಗೆ ಕಟ್ಟಿದ್ದ ಸೀಟಿಯನ್ನು ಬಾಯಿಗಿಟ್ಟು ಊದಿದರು. ಊದುತ್ತಲೇ ಇದ್ದರು. ನಾನು ಹೊರಗೆ ಹಾಕಿದಷ್ಟೇ ನೀರು ಒಳಗೆ ಬರುತ್ತಿತ್ತು. ಎಷ್ಟು ಹೊತ್ತು ಹಾಗೆ ಕಳೆಯಿತೋ ಹೇಳಲಾರೆ. ಅವರ ಬೆನ್ನು ನನ್ನ ಕಡೆಗಿತ್ತು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಕಡೆಗೆ ಕಳಕಪ್ಪ ಸರ್ ಅವರ ದೋಣಿ ಕಂಡಿತು, ಅದರ ಹಿಂದೆಯೇ ಹನುಮಪ್ಪನ ಹರಗೋಲು. ಮುಳ್ಳುಗಿಡಗಳ ಒಳಗೆ ಉದ್ದ ದೋಣಿ ಬರುವಂತಿರಲಿಲ್ಲ. ಸರ್ ಅಲ್ಲಿಂದಲೇ ಬಾಯಿಗೆ ಕೈ ಹಿಡಿದು ಕೂಗಿದರು:

“ಪ್ರೆಸ್ಸಿನವರ! ನೀವು ನೀರಿಗೆ ಇಳೀರಿ! ದೋಣಿ ಹಗುರಾಗತೈತಿ! ಇಳದು ಈ ಕಡೆ ಈಸಿ ಬರ್ರಿ!”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಶಾಂತಕ್ಕ ಸೀಟಿಯನ್ನು ಬಾಯಿಂದ ತೆಗೆದರು. ಅವರು ಹೇಳುತ್ತಾರೇನೋ ಎಂದು ಒಂದು ಕ್ಷಣ ಕಾದೆ. ಅದೂ ನನ್ನ ಹೇಡಿತನವೇ. ಅವರು ಹೇಳಲಿಲ್ಲ.

“ನನಗ ಈಸಾಕ ಬರಂಗಿಲ್ರೀ ಸರ್!” ಎಂದು ಕೂಗಿದೆ. ಗಾಳಿ ಮಾತನ್ನು ಒಯ್ದಿತು. “ಏನು?” ಎಂದರು. ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಬೇಕಾಯಿತು. ನಲವತ್ತಾರು ವರ್ಷ ಮುಚ್ಚಿಟ್ಟದ್ದನ್ನು ತುಂಗಭದ್ರೆಯ ನಡುವೆ ಎರಡೆರಡು ಸಲ ಗಂಟಲು ಹರಿದು ಹೇಳಿದೆ.

ಕಳಕಪ್ಪ ಸರ್ ಮುಖದಲ್ಲಿ ರಕ್ತವಿಲ್ಲದಂತಾಯಿತು. ಹನುಮಪ್ಪನ ಕಡೆ ಕೈ ಮಾಡಿದರು. ಆತ ಹರಗೋಲನ್ನು ತಿರುಗಿಸುತ್ತಾ ತಿರುಗಿಸುತ್ತಾ ಟೊಂಗೆಗಳ ನಡುವೆ ತಂದು, ನೆಲಕ್ಕೆ ಊರಲೆಂದು ಬಿದಿರಿನ ಗಳವನ್ನು ನೀರಿಗೆ ಬಿಟ್ಟ. ಗಳ ಪೂರ್ತಿ ಇಳಿಯಿತು, ಅವನ ಮೊಣಕೈಯೂ ಇಳಿಯಿತು, ನೆಲ ಸಿಗಲಿಲ್ಲ. ಶಾಂತಕ್ಕ ಅದನ್ನು ನೋಡಿದರು. ತಾವು ಕಾಲಿಟ್ಟಿದ್ದ ಜಾಗ ಅದು.

“ಅವ್ವಾರ, ಮದ್ಲ ನೀವು ಬರ್ರಿ. ನಿಲ್ಲಬ್ಯಾಡ್ರಿ, ಕುಂತಲ್ಲೇ ಸರೀರಿ” ಎಂದ ಹನುಮಪ್ಪ. ಅವರು ಹರಗೋಲಿಗೆ ದಾಟಿದ ಕೂಡಲೇ ನಮ್ಮ ದೋಣಿ ಅವರ ಭಾರ ಕಳೆದುಕೊಂಡು ಇನ್ನೊಂದು ಕಡೆ ಧಡಕ್ಕನೆ ಹೊರಳಿತು. ವೇಲಿನ ಗಂಟು ಬಿಗಿದು ನಿಂತಿತು. ನಾನು ಮುಳ್ಳುಟೊಂಗೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡೆ. ಹನುಮಪ್ಪ ಶಾಂತಕ್ಕನನ್ನು ಸರ್ ದೋಣಿಗೆ ಮುಟ್ಟಿಸಿ ಮರಳಿ ಬರುವವರೆಗೆ ಆ ಗಿಡವೇ ನನಗೆ ತಾಯಿತಂದೆ. ಹರಗೋಲಿಗೆ ಎಳೆದುಕೊಂಡಾಗ ಅವನು ನನ್ನ ಅಂಗೈಯ ರಕ್ತ ನೋಡಿ ಅಂದದ್ದು ಒಂದೇ ಮಾತು: “ಬಾಳ ಗಟ್ಟಿ ಹಿಡದಿದ್ರಿ ಬಿಡ್ರಿ.”

ದಂಡೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಳಕಪ್ಪ ಸರ್ ಒಂದು ಕಲ್ಲಿನ ಮೇಲೆ ಕೂತು, “ತಪ್ಪು ನಂದು. ನೀರಾಗ ಇಳಿಸಿ ನೋಡಬೇಕಿತ್ತು. ಕಾಗದ ನಂಬಿದೆ” ಎಂದರು. ಅಷ್ಟರಲ್ಲಿ ನಮ್ಮ ಗುಂಪಿನ ಇನ್ನೊಬ್ಬರು, ಹೆಸರು ಬೇಡ, ಗಂಟಲು ಸರಿಮಾಡಿಕೊಂಡು, “ಸರ್... ನನಗೂ ಅಷ್ಟ ಛಲೋ ಬರಂಗಿಲ್ರಿ” ಎಂದರು. ಸರ್ ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಎಲ್ಲರೂ ಈಸಿ ತೋರಿಸುವವರೆಗೆ ದೋಣಿ ನೀರಿಗಿಳಿಯುವುದಿಲ್ಲ ಎಂದರು.

ಮರಳುವ ದಾರಿಯಲ್ಲಿ ಶಾಂತಕ್ಕ ಟೆಂಪೋದ ಮುಂದಿನ ಸೀಟಿನಲ್ಲಿ ಕೂತರು.

ಹನ್ನೊಂದು ದಿನ ನಾನು ಖಾನಾವಳಿಯ ಕಡೆ ಹೋಗಲಿಲ್ಲ. ಹೆಂಡತಿ ಡಬ್ಬಿ ಕಟ್ಟಿದಳು, ಕಾರಣ ಕೇಳಿದಳು, ಹೇಳಿದೆ. ಕೇಳಿ, “ಸುಳ್ಳಿನ ಮಾತು ಹಂಗಿರಲಿ, ಆ ದೋಣ್ಯಾಗ ನೀವು ನನ್ನ ಕುಂಡ್ರಿಸಿಕೊಂಡು ಹೋಗಲಿಲ್ಲ, ದೇವರು ದೊಡ್ಡಾಂವ” ಎಂದಳು. ಹನ್ನೆರಡನೆಯ ದಿನ ಹೋದೆ. ಊಟದ ಹೊತ್ತು ಮುಗಿದಿತ್ತು. ಶಾಂತಕ್ಕ ದುಡ್ಡಿನ ಗಲ್ಲೆಯ ಹತ್ತಿರ ಒಬ್ಬರೇ ಇದ್ದರು. ನಾನು ನಿಂತೇ ಇದ್ದೆ.

“ತಪ್ಪಾತ್ರಿ ಶಾಂತಕ್ಕ” ಎಂದೆ.

ಅವರು ಬಹಳ ಹೊತ್ತು ಮೇಜು ಒರೆಸಿದರು. ಆಮೇಲೆ ಹೇಳಿದರು: “ಈಸಾಕ ಬರಂಗಿಲ್ಲ ಅಂತ ನನಗ ಸಿಟ್ಟಿಲ್ರಿ. ನನಗೂ ಬರಂಗಿಲ್ಲ. ಅದೇನು ತಪ್ಪಲ್ಲ. ಮೂರ ಸರ್ತಿ ಕೇಳಿದ್ದೆ ನಾ ನಿಮ್ಮನ್ನ.”

ನಾನು ಹೋಗಲೆಂದು ಬಾಗಿಲ ಕಡೆ ತಿರುಗಿದೆ.

“ಕುಂಡ್ರಿ” ಎಂದರು. “ಪಲ್ಯ ಖಾಲಿ ಆಗೈತಿ. ಝುಣಕಾ ಐತಿ, ನಡೀತೈತಿಲ್ಲೋ?”

ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಎಂದು ನೀವು ನಂಬಬಹುದು.

ಐವತ್ತಾರನೆಯ ವಯಸ್ಸಿನಲ್ಲಿ ಈಜು ಕಲಿಯುವುದೆಂದರೆ ಏನೆಂದು ಕಲಿತವರಿಗೇ ಗೊತ್ತು. ಈಜುಕೊಳದ ಆಳವಿಲ್ಲದ ತುದಿಯಲ್ಲಿ, ನನ್ನ ಸೊಂಟದೆತ್ತರದ ಮಕ್ಕಳ ನಡುವೆ, ಕಂಬಿ ಹಿಡಿದು ಕಾಲು ಬಡಿದೆ. ಒಬ್ಬ ಹುಡುಗಿ, “ಅಜ್ಜಾ, ಹೊಟ್ಟಿ ಮ್ಯಾಲ ಎತ್ರಿ” ಎಂದು ನನಗೆ ಪಾಠ ಹೇಳಿದಳು. ಮೂಗಿನಲ್ಲಿ ಹೋದ ನೀರಿಗೆ ಲೆಕ್ಕವಿಲ್ಲ. ಮೂರು ತಿಂಗಳ ಮೇಲೆ ಒಂದು ಮುಂಜಾನೆ ಕಂಬಿ ಬಿಟ್ಟು, ಆ ತುದಿ ಮುಟ್ಟಿ, ಎದೆ ಒಡೆದುಹೋಗುವಂತೆ ಏದುಸಿರು ಬಿಟ್ಟೆ. ಹೆಂಗಸರ ಸಮಯದಲ್ಲಿ ಶಾಂತಕ್ಕನೂ ಬರುತ್ತಿದ್ದರೆಂದು, ನನಗಿಂತ ಎರಡು ವಾರ ಮೊದಲೇ ಕಲಿತರೆಂದು ಆಮೇಲೆ ತಿಳಿಯಿತು. ಕಳಕಪ್ಪ ಸರ್ ಒಬ್ಬೊಬ್ಬರನ್ನೇ ನೀರಿಗಿಳಿಸಿ ನೋಡಿದರು. ಆಮೇಲೆಯೇ ಸೀಟಿ ಮತ್ತೆ ಕೊರಳಿಗೆ ಬಂತು.

ಅಂದಿನಿಂದ ಹತ್ತಾರು ಸಲ ನದಿಗೆ ಹೋಗಿ ಬಂದಿದ್ದೇವೆ. ಶಾಂತಕ್ಕ ಖಾನಾವಳಿಯಲ್ಲಿ ನನಗೆ ಎರಡನೆಯ ರೊಟ್ಟಿಯನ್ನು ಕೇಳದೆಯೇ ಬಡಿಸುತ್ತಾರೆ. ಮಳೆಯ ಬಗ್ಗೆ, ಕಾಳಿನ ಧಾರಣೆಯ ಬಗ್ಗೆ ಮಾತಾಡುತ್ತಾರೆ, ನಗುತ್ತಾರೆ. ದಂಡೆಯಲ್ಲಿ ಜೋಡಿ ಕರೆಯುವಾಗ ಮಾತ್ರ ಬೇರೆಯವರ ದೋಣಿಯ ಕಡೆ ನಡೆಯುತ್ತಾರೆ. ಕಳೆದ ಸಲ ಧೈರ್ಯ ಮಾಡಿ ಹತ್ತಿರ ಹೋದೆ. ನೀರು ಅಲುಗದೆ ನಿಂತಿತ್ತು, ಗಾಳಿಯಿರಲಿಲ್ಲ.

“ಶಾಂತಕ್ಕ, ನನ್ನ ದೋಣ್ಯಾಗ ಬರ್ತೀರೇನು?”

ಅವರು ಜಾಕೆಟ್ಟಿನ ಕೊಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಮೂರನ್ನೂ ಎಳೆದು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

“ಇವತ್ತ ಬ್ಯಾಡ್ರಿ ಅಣ್ಣಾರ” ಎಂದರು.

ಬ್ಯಾಡ ಎನ್ನಲಿಲ್ಲ, ಇವತ್ತ ಬ್ಯಾಡ ಎಂದರು. ಅಷ್ಟನ್ನು ಎದೆಯಲ್ಲಿಟ್ಟುಕೊಂಡು ನಾನು ಹನುಮಪ್ಪನ ಜೊತೆ ಕೊನೆಯ ದೋಣಿ ಹತ್ತಿದೆ.